ಊರ ಹೆಸರು ಹೊತ್ತ ಹಣ್ಣು

ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಮನುಷ್ಯನ ಹೆಸರಿಗೂ ಒಂದು ಚೀಟಿ ಅಂಟಿರುತ್ತದೆ. ಹೆಸರಿನ ಮುಂದೆ ನಿಂತ ಎರಡು ಅಕ್ಷರಗಳಲ್ಲಿ ಸಾಮಾನ್ಯವಾಗಿ ಮೊದಲನೆಯದು ಊರಿನದು, ಎರಡನೆಯದು ತಂದೆಯದು. ಹೊಸಬರ ಪರಿಚಯವಾದಾಗ ನಮ್ಮ ಹಿರಿಯರು ಅವರ ವಿದ್ಯೆ ಉದ್ಯೋಗಗಳನ್ನು ವಿಚಾರಿಸುವುದಕ್ಕೆ ಮೊದಲೇ ಆ ಅಕ್ಷರವನ್ನು ಬಿಡಿಸಿ ಹೇಳಿಸುತ್ತಿದ್ದುದು ಇದಕ್ಕಾಗಿಯೆ. ಊರು ತಿಳಿದರೆ ನೀರು ತಿಳಿಯಿತು. ನೀರು ತಿಳಿದರೆ ಮನುಷ್ಯನು ಅರ್ಧ ತಿಳಿದ ಹಾಗೆ ಎಂಬುದು ಅವರ ನಂಬಿಕೆ. ಆದರೆ ಈ ಚೀಟಿಯನ್ನೇ ನಂಬಿ ಹೊರಟವನು ಕೆಲವು ವೇಳೆ ದಾರಿ ತಪ್ಪುವುದೂ ಉಂಟು. ಬಸವನಗುಡಿಯವರೆಲ್ಲ ತಮ್ಮವರೆಂದು ಹೇಳಿಕೊಳ್ಳುವ ಡಿ. ವಿ. ಗುಂಡಪ್ಪನವರ ಮೊದಲ ಅಕ್ಷರ ದೇವನಹಳ್ಳಿಯದು. ಅವರು ಹುಟ್ಟಿದ್ದು 1887ರಲ್ಲಿ ಮುಳಬಾಗಿಲಿನಲ್ಲಿ. ಬಾಳಿ ಬೆಳಗಿದ್ದು ಬೆಂಗಳೂರಿನಲ್ಲಿ. ತಿರುವೈಯಾರಿನಲ್ಲಿ ತ್ಯಾಗರಾಜಸ್ವಾಮಿಗಳ ಸಮಾಧಿಗೆ ಗುಡಿ ಕಟ್ಟಿಸಿದ ಮಹಾವಿದುಷಿ ಬೆಂಗಳೂರು ನಾಗರತ್ನಮ್ಮನವರು ಹುಟ್ಟಿದ್ದು ನಂಜನಗೂಡಿನಲ್ಲಿ. ಹಾಗೆಂದು ಇವರ ಹೆಸರುಗಳು ಸುಳ್ಳೆಂದು ಯಾರಾದರೂ ಹೇಳಿಯಾರೆ? ಊರು ಎಂಬುದು ತನ್ನಲ್ಲಿ ಹುಟ್ಟಿದವರಿಗೆ ಹೇಗೋ ಹಾಗೆ ಬಂದು ಬಾಳಿದವರಿಗೂ ತನ್ನ ಹೆಸರನ್ನು ಕೊಡುತ್ತದೆ.

ಪದಾರ್ಥಗಳಿಗೆ ಊರಿನ ಹೆಸರು ಬರುವ ಬಗೆ ಇನ್ನೂ ವಿಚಿತ್ರವಾದದ್ದು. ನಂಜನಗೂಡಿನ ರಸಬಾಳೆ ಆ ಸೀಮೆಯ ಮಣ್ಣನ್ನು ಬಿಟ್ಟರೆ ರುಚಿಗೆಡುತ್ತದೆಂದು ಬಲ್ಲವರು ಹೇಳುತ್ತಾರೆ; ಅಲ್ಲಿ ಊರಿನ ಹೆಸರೆಂದರೆ ಮಣ್ಣಿನ ಹೆಸರು. ಬ್ಯಾಡಗಿ ಮೆಣಸಿನಕಾಯಿ ಧಾರವಾಡ, ಹಾವೇರಿ, ಗದಗ ಸೀಮೆಗಳಲ್ಲೆಲ್ಲ ಬೆಳೆಯುತ್ತದೆ. ಅದಕ್ಕೆ ಹೆಸರು ಕೊಟ್ಟದ್ದು ಅದನ್ನು ಕೊಂಡು ಮಾರುವ ಪೇಟೆ. ಇನ್ನು ಮೈಸೂರು ಸ್ಯಾಂಡಲ್ ಸಾಬೂನು ತಯಾರಾಗುವುದು ಮೈಸೂರಿನಲ್ಲಲ್ಲ, ಬೆಂಗಳೂರಿನಲ್ಲಿ. ಮಲ್ಲೇಶ್ವರದಿಂದ ಯಶವಂತಪುರದ ಕಡೆಗೆ ಹೋಗುವವರಿಗೆ ಆ ಕಾರ್ಖಾನೆಯ ಗುರುತು ಹೇಳಬೇಕಾದ್ದಿಲ್ಲ. ಇಲ್ಲಿ ‘ಮೈಸೂರು’ ಎಂದರೆ ಪಟ್ಟಣವಲ್ಲ, ಹಿಂದಿನ ಸಂಸ್ಥಾನ. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಮೇಲೂ ಸಾಬೂನು ತನ್ನ ಹಳೆಯ ರಾಜ್ಯದ ಹೆಸರನ್ನು ಬಿಡಲಿಲ್ಲ. ಹೀಗೆ ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಬಗೆಯ ನ್ಯಾಯವಿದೆ. ಕೊಳ್ಳುವವನಿಗೆ ಆ ನ್ಯಾಯ ಯಾವುದೆಂಬುದು ತಿಳಿದಿರಬೇಕಷ್ಟೆ.

ಈಗ ನಮ್ಮ ದೇಶದಲ್ಲಿ ಇಂಥ ಹೆಸರುಗಳನ್ನು ಕಾಯುವುದಕ್ಕೆ ಒಂದು ಕಾಯಿದೆಯೇ ಇದೆ. 1999ರಲ್ಲಿ ಅಂಗೀಕಾರವಾಗಿ 2003ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದ ಈ ಕಾಯಿದೆಯ ಪ್ರಕಾರ ಚೆನ್ನೈಯಲ್ಲಿ ಒಂದು ದಫ್ತರವನ್ನು ಇಟ್ಟಿದ್ದಾರೆ. ಇಂತಿಂಥ ಸೀಮೆಯಲ್ಲಿ ಆದ ಪದಾರ್ಥಕ್ಕೆ ಮಾತ್ರ ಇಂತಿಂಥ ಹೆಸರು ಸಲ್ಲತಕ್ಕದ್ದು ಎಂದು ಅಲ್ಲಿ ಬರೆದಿಡುತ್ತಾರೆ. ಇದಕ್ಕೆ ಭೌಗೋಳಿಕ ಸೂಚಿಯೆಂದು ಹೆಸರು. ರಸಬಾಳೆ, ಮೈಸೂರು ಮಲ್ಲಿಗೆ, ಮೈಸೂರು ವೀಳೆಯದೆಲೆ, ಕೊಡಗಿನ ಕಿತ್ತಳೆ, ದೇವನಹಳ್ಳಿಯ ಚಕ್ಕೋತ ಇವೆಲ್ಲ ಆ ದಫ್ತರದಲ್ಲಿವೆ. 2013ರಲ್ಲಿ ಅದಕ್ಕೆ ಸೇರಿದ ಇನ್ನೊಂದು ಹೆಸರು ‘ಬೆಂಗಳೂರು ಬ್ಲೂ’ ದ್ರಾಕ್ಷಿ. ನಮ್ಮ ಮನೆಗಳಲ್ಲಿ ಕರಿ ದ್ರಾಕ್ಷಿಯೆಂದೋ ನೀಲಿ ದ್ರಾಕ್ಷಿಯೆಂದೋ ಕರೆಯುವ ಆ ಹಣ್ಣೇ ಈ ಲೇಖನಕ್ಕೆ ಕಾರಣವಾದದ್ದು.

ವಾಚಕರಲ್ಲಿ ಇದನ್ನು ಅರಿಯದವರು ವಿರಳ. ನನ್ನ ಬಾಲ್ಯದಲ್ಲಿ ಚಾಮರಾಜಪೇಟೆಯ ನಮ್ಮ ಮನೆಯ ಹಿತ್ತಿಲಿನಲ್ಲಿ, ಬಾವಿಯ ಪಕ್ಕಕ್ಕೆ, ನಾಲ್ಕು ಕಲ್ಲುಕಂಬಗಳನ್ನು ನೆಟ್ಟು ಒಂದು ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸಿದ್ದರು. ಅದರ ನೆರಳಿನಲ್ಲಿ ಪಾತ್ರೆ ತೊಳೆಯುತ್ತಿದ್ದರು. ತೊಳೆದ ನೀರು ಬಳ್ಳಿಯ ಬುಡಕ್ಕೇ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಿನ ಉಪಚಾರವನ್ನು ಅದು ಕೇಳಿದ ನೆನಪು ನನಗಿಲ್ಲ. ಗೊಂಚಲು ಚಿಕ್ಕದು, ಹಣ್ಣು ಗುಂಡಗೆ, ಮೈಮೇಲೆ ಬೂದಿ ಸವರಿದಂಥ ಮಂಜು. ಸಿಪ್ಪೆ ದಪ್ಪ. ಎರಡು ಬೆರಳುಗಳ ನಡುವೆ ಒತ್ತಿದರೆ ತಿರುಳು ಗೋಲಿಯಂತೆ ಜಾರಿ ಬಾಯಿಗೆ ಬೀಳುತ್ತದೆ. ಸಿಪ್ಪೆ ಬೆರಳಿನಲ್ಲಿ ಉಳಿಯುತ್ತದೆ. ತಿರುಳು ಸಿಹಿ, ಬೀಜದ ಸುತ್ತ ಹುಳಿ, ಸಿಪ್ಪೆ ಅಗಿದರೆ ಒಗರು. ಇದೆಲ್ಲಕ್ಕಿಂತ ಮುಖ್ಯವಾಗಿ ಅದಕ್ಕೊಂದು ಗಂಧವಿದೆ. ಬುಟ್ಟಿ ಬೀದಿಯ ತಿರುವಿನಲ್ಲಿರುವಾಗಲೇ ಮನೆಯೊಳಗಿದ್ದವರಿಗೆ ಸುದ್ದಿ ಮುಟ್ಟಿಸುವ ಗಂಧ ಅದು. ಅದರ ಬಣ್ಣವೂ ಅಷ್ಟೇ ಹಟಮಾರಿ. ನಮ್ಮ ಅಜ್ಜಿ ಮಡಿಯಲ್ಲಿರುವಾಗ ದ್ರಾಕ್ಷಿ ತಿಂದ ಕೈಯಿಂದ ಹತ್ತಿರ ಸುಳಿದ ಮಕ್ಕಳಿಗೆ ಆಗುತ್ತಿದ್ದ ಪೂಜೆಯನ್ನು ಇಲ್ಲಿ ವಿವರಿಸಬೇಕಾದ್ದಿಲ್ಲ.

ನಗರದ ಜನಕ್ಕೂ ಈ ಹಣ್ಣಿಗೂ ಇದ್ದ ನಂಟಿಗೆ ಇನ್ನೊಂದು ಸಾಕ್ಷಿಯುಂಟು. ಬಸವನಗುಡಿ, ಮಲ್ಲೇಶ್ವರಗಳ ಗೃಹಿಣಿಯರು ತರಕಾರಿಗೆ ನೆಚ್ಚಿಕೊಂಡ ಹಾಪ್‌ಕಾಮ್ಸ್ ಅಂಗಡಿಗಳು ಹುಟ್ಟಿದ್ದೇ ದ್ರಾಕ್ಷಿಯಿಂದ. 1959ರಲ್ಲಿ ತೋಟಗಾರಿಕೆಯ ಮಹನೀಯರಾದ ಡಾ. ಎಂ. ಎಚ್. ಮರಿಗೌಡರ ಪ್ರೋತ್ಸಾಹದಿಂದ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ತಮ್ಮ ಹಣ್ಣನ್ನು ತಾವೇ ಮಾರಿಕೊಳ್ಳುವುದಕ್ಕಾಗಿ ಒಂದು ಸಹಕಾರ ಸಂಘವನ್ನು ಕಟ್ಟಿಕೊಂಡರು. ಕಾಲಕ್ರಮದಲ್ಲಿ ಬದನೆ, ಬೆಂಡೆ, ಬಾಳೆಗಳೆಲ್ಲ ಅದರೊಳಕ್ಕೆ ಬಂದು ಸೇರಿ, ಸಂಘದ ಹೆಸರಿನಿಂದ ದ್ರಾಕ್ಷಿ ಮರೆಯಾಯಿತು. ಬೇಸಗೆಯಲ್ಲಿ ದ್ರಾಕ್ಷಿ ಕಲ್ಲಂಗಡಿಗಳ ಮೇಳ ನಡೆಸುವಾಗ ಮಾತ್ರ ಆ ಸಂಸ್ಥೆಗೆ ತನ್ನ ಹುಟ್ಟಿದ ದಿನದ ನೆನಪು ಬರುವಂತೆ ತೋರುತ್ತದೆ.

ಇರಲಿ. ಹಣ್ಣಿಗೆ ಊರಿನ ಹೆಸರನ್ನು ಕಾಯಿದೆಯಿಂದ ಕಟ್ಟುವ ಈ ಪದ್ಧತಿ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದರೆ ನಾವು ತಲಪುವುದು ಯೂರೋಪಿನ ವೈನಿನ ನಾಡುಗಳಿಗೆ. ದ್ರಾಕ್ಷಿಯ ರಸವನ್ನು ಹುದುಗಿಸಿ ಸೀಸೆಯಲ್ಲಿ ತುಂಬಿದ ಮೇಲೆ ಅದರ ಹುಟ್ಟನ್ನು ಕಣ್ಣಿನಿಂದ ತಿಳಿಯುವ ಉಪಾಯವಿಲ್ಲ. ಬಾಳೆಹಣ್ಣನ್ನು ಮುಟ್ಟಿ ನೋಡಬಹುದು, ವೀಳೆಯದೆಲೆಯನ್ನು ಮುರಿದು ನೋಡಬಹುದು. ಸೀಸೆಯ ವಿಷಯದಲ್ಲಿ ಚೀಟಿಯ ಮಾತೇ ಪ್ರಮಾಣ. ಆದ್ದರಿಂದ ಮೋಸವೂ ಅಲ್ಲಿಯೇ ಹೆಚ್ಚು, ಕಟ್ಟುಪಾಡೂ ಅಲ್ಲಿಯೇ ಹೆಚ್ಚು. ಪೋರ್ಚುಗಲ್ಲಿನವರು 1756ರಷ್ಟು ಹಿಂದೆಯೇ ಡೌರೊ ನದಿಯ ಕಣಿವೆಗೆ ಎಲ್ಲೆ ಕಟ್ಟಿ, ಆ ಎಲ್ಲೆಯೊಳಗಿನದಕ್ಕೆ ಮಾತ್ರ ಪೋರ್ಟ್ ಎಂಬ ಹೆಸರು ಸಲ್ಲುವಂತೆ ಏರ್ಪಾಟು ಮಾಡಿದರು. ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲಿ ವರ್ತಕರು ಹೊರಗಿನ ದ್ರಾಕ್ಷಿಯನ್ನು ತಂದು ತಮ್ಮ ಸೀಮೆಯ ಹೆಸರಿನಲ್ಲಿ ಮಾರುತ್ತಿದ್ದಾರೆಂದು ರೈತರು ಕೆರಳಿ, 1911ರಲ್ಲಿ ನೆಲಮಾಳಿಗೆಗಳನ್ನು ಒಡೆದು ವೈನನ್ನು ಬೀದಿಗೆ ಚೆಲ್ಲಿದರು. 1935ರಲ್ಲಿ ಆ ದೇಶದ ಸರ್ಕಾರ ಯಾವ ಹೆಸರಿಗೆ ಯಾವ ನೆಲ, ಯಾವ ತಳಿ, ಎಷ್ಟು ಇಳುವರಿ ಎಂಬುದನ್ನೆಲ್ಲ ಗೊತ್ತುಮಾಡುವ ಕಟ್ಟಳೆಯನ್ನು ತಂದಿತು. ಕಡೆಗೆ 1994ರ ವಿಶ್ವವ್ಯಾಪಾರದ ಒಪ್ಪಂದದಲ್ಲಿ ಎಲ್ಲ ಪದಾರ್ಥಗಳ ಊರ ಹೆಸರಿಗೂ ರಕ್ಷಣೆ ದೊರೆಯಿತು. ಆದರೆ ವೈನಿಗೂ ಇತರ ಮದ್ಯಗಳಿಗೂ ಒಂದು ಕೈ ಹೆಚ್ಚಾಗಿಯೇ ದೊರೆಯಿತು. ನಮ್ಮ 1999ರ ಕಾಯಿದೆ ಆ ಒಪ್ಪಂದದ ಕೂಸು. ನಂಜನಗೂಡಿನ ರಸಬಾಳೆಗೆ ದೊರೆತ ಮರ್ಯಾದೆಯ ಹಿಂದೆ ಪರದೇಶದ ವೈನಿನ ಜಗಳಗಳಿವೆಯೆಂದರೆ ನಮ್ಮ ಆಚಾರವಂತ ಓದುಗರು ಮುಗುಳ್ನಗಬಹುದು.

ಈ ಕಟ್ಟುಪಾಡಿನ ಒಳಗುಟ್ಟನ್ನು ನಾನು ಅರಿತದ್ದು ಬಸವನಗುಡಿಯಲ್ಲಿ, ಒಂದು ತೆರೆಯದ ಸೀಸೆಯಿಂದ. ನಮ್ಮ ಎದುರು ಮನೆಯಲ್ಲಿ ಚರಿತ್ರೆಯ ಪಾಠ ಹೇಳಿ ನಿವೃತ್ತರಾದ ಮೇಷ್ಟರೊಬ್ಬರಿದ್ದಾರೆ. ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ಅವರ ಮಗನ ಸ್ನೇಹಿತನೊಬ್ಬ, ಮನೆಯವರ ಪದ್ಧತಿ ತಿಳಿಯದೆ, ಮೋಸೆಲ್ ಕಣಿವೆಯ ಒಂದು ಸೀಸೆ ವೈನನ್ನು ಮೇಷ್ಟರಿಗೆ ಕಾಣಿಕೆಯಾಗಿ ಕಳುಹಿಸಿದ್ದ. ನಾವಿಬ್ಬರೂ ಅದನ್ನು ಮುಟ್ಟುವವರಲ್ಲ. ಮೇಷ್ಟರು ಅದನ್ನು ಮೇಜಿನ ಮೇಲಿಟ್ಟು ಕನ್ನಡಕ ಏರಿಸಿ, ಮಗನು ಕಾಗದದಲ್ಲಿ ಬರೆದಿದ್ದ ವಿವರಣೆಯೊಡನೆ ಅದರ ಚೀಟಿಯನ್ನು ಸಾಲುಸಾಲಾಗಿ ಓದತೊಡಗಿದರು. ಹಳ್ಳಿಯ ಹೆಸರು, ಆ ಹಳ್ಳಿಯಲ್ಲಿ ತೋಟವಿರುವ ಇಳಿಜಾರಿನ ಹೆಸರು, ತಳಿ, ವರ್ಷ, ಕೊಯ್ದಾಗ ಹಣ್ಣು ಎಷ್ಟು ಮಾಗಿತ್ತೆಂಬುದರ ದರ್ಜೆ, ಬೆಳೆದು ತುಂಬಿದವನ ಹೆಸರು, ಸರ್ಕಾರದವರು ರುಚಿ ನೋಡಿ ಪರೀಕ್ಷಿಸಿ ಕೊಟ್ಟ ಸಂಖ್ಯೆ, ಇಷ್ಟೂ ಅಂಗೈಯಗಲದ ಕಾಗದದಲ್ಲಿತ್ತು.

“ರಾಯರೆ, ಇದನ್ನು ಚೀಟಿಯೆನ್ನಬೇಡಿ. ಇದೊಂದು ದಾನಶಾಸನ” ಎಂದರು ಮೇಷ್ಟರು. “ಸೀಮೆ ಹೇಳಿದೆ, ಕಾಲ ಹೇಳಿದೆ, ಕೊಟ್ಟವನ ಹೆಸರಿದೆ, ಸಾಕ್ಷಿಯೂ ಇದೆ. ಕಡೆಯಲ್ಲಿ ಶಾಪಾಶಯ ಒಂದು ಕಡಮೆ.”

“ಶಾಪಕ್ಕೆ ಬದಲಾಗಿ ಜುಲ್ಮಾನೆ ಇಟ್ಟಿರುತ್ತಾರೆ, ಮೇಷ್ಟರೆ” ಎಂದೆ ನಾನು.

ಅವರ ಹೋಲಿಕೆ ನನಗೆ ಬಹಳ ಹಿಡಿಸಿತು. ನಮ್ಮ ಶಾಸನಗಳಲ್ಲಿ ಮೂಡಲಿಗೆ ಹುಣಿಸೆಮರ, ತೆಂಕಲಿಗೆ ನೆಟ್ಟ ಕಲ್ಲು, ಪಡುವಲಿಗೆ ಕೆರೆಯ ಕೋಡಿ ಎಂದು ಎಲ್ಲೆ ಹೇಳುವ ಗಾಂಭೀರ್ಯವೇ ಈ ಚೀಟಿಯಲ್ಲಿಯೂ ಇದೆ. ಅಲ್ಲಿ ನೆಲವನ್ನು ಅಪಹರಿಸಿದವನಿಗೆ ನರಕ. ಇಲ್ಲಿ ನೆಲದ ಹೆಸರನ್ನು ಅಪಹರಿಸಿದವನಿಗೆ ದಂಡ.

ಚಳಿಯ ದೇಶದಲ್ಲಿ ಇಷ್ಟು ವಿವರ ಏತಕ್ಕೆ ಬೇಕಾಯಿತೆಂಬುದಕ್ಕೂ ಕಾರಣವಿದೆ. ಮೋಸೆಲ್ ಕಣಿವೆ ಇರುವುದು ಸುಮಾರು ಐವತ್ತನೆಯ ಅಕ್ಷಾಂಶದಲ್ಲಿ. ಅಲ್ಲಿ ಸೂರ್ಯನೇ ಜಿಪುಣ. ದಕ್ಷಿಣಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರಿನಲ್ಲಿ, ಹಗಲಿನ ಕಾವನ್ನು ಹಿಡಿದಿಡುವ ಕರಿಯ ಹಾಸುಗಲ್ಲಿನ ಮೇಲೆ ಬಳ್ಳಿ ನೆಟ್ಟವನಿಗೆ ಹಣ್ಣು ಮಾಗುತ್ತದೆ. ಅದೇ ಹಳ್ಳಿಯಲ್ಲಿ ಹೊಳೆಯ ಬಯಲಿನಲ್ಲಿ ನೆಟ್ಟವನಿಗೆ ಹುಳಿಯೇ ಉಳಿಯುತ್ತದೆ. ಒಂದು ವರ್ಷ ಬಿಸಿಲು ಬಂತು, ಇನ್ನೊಂದು ವರ್ಷ ಬರಲಿಲ್ಲ. ಆದಕಾರಣ ಯಾವ ಇಳಿಜಾರು, ಯಾವ ವರ್ಷ, ಎಷ್ಟು ಮಾಗಿತ್ತು ಎಂಬ ಮೂರು ಪ್ರಶ್ನೆಗಳೂ ಅಲ್ಲಿ ಹುರುಳುಳ್ಳವು. 1971ರ ಅವರ ಕಾಯಿದೆಯಂತೂ ರಸದಲ್ಲಿನ ಸಕ್ಕರೆಯ ಅಳತೆಯ ಮೇಲೆಯೇ ದರ್ಜೆಗಳನ್ನು ಏರ್ಪಡಿಸಿತು. ಆದರೆ ಅದೇ ಕಾಯಿದೆ ಇನ್ನೊಂದು ಕಡೆ ಎಡವಿತು. ಸುಮಾರು 30,000 ತೋಟಗಳ ಹೆಸರುಗಳು ತೊಡಕೆಂದು ಅವುಗಳನ್ನು ಸುಮಾರು 2,600ಕ್ಕೆ ಇಳಿಸಿ, ಅಕ್ಕಪಕ್ಕದ ಹಳ್ಳಿಗಳನ್ನು ದೊಡ್ಡ ದೊಡ್ಡ ಕೂಟಗಳಾಗಿ ಸೇರಿಸಿ, ಆ ಕೂಟಕ್ಕೆಲ್ಲ ಒಂದು ಪ್ರಸಿದ್ಧ ಹಳ್ಳಿಯ ಹೆಸರನ್ನು ಬಳಸಲು ಅನುಮತಿಯಿತ್ತಿತು. ಪೀಸ್ಪೋರ್ಟ್ ಎಂಬ ಹಳ್ಳಿಯ ಇಳಿಜಾರಿನ ವೈನಿಗೆ ಒಳ್ಳೆಯ ಹೆಸರಿತ್ತು. ಆ ಮೇಲೆ ದೂರದ ಬಯಲುಗಳ ಸಪ್ಪೆಯ ರಸವೂ ಪೀಸ್ಪೋರ್ಟಿನ ಹೆಸರು ಹೊತ್ತು ಹೊರಟಿತು. ಕೊಳ್ಳುವವನು ಎರಡನ್ನೂ ಬೇರ್ಪಡಿಸಲಾರದೆ ಕಡೆಗೆ ಎರಡರಲ್ಲಿಯೂ ನಂಬಿಕೆ ಕಳೆದುಕೊಂಡ. ಹೆಸರನ್ನು ಅಗಲವಾಗಿ ಎಳೆದರೆ ಅದು ತೆಳ್ಳಗಾಗುತ್ತದೆ. ಇದನ್ನು ಕಂಡುಕೊಂಡು 2021ರಲ್ಲಿ ಅವರು ಕಾಯಿದೆಯನ್ನು ಮತ್ತೆ ನೆಲದ ಕಡೆಗೆ ತಿರುಗಿಸಿದ್ದಾರೆ. ಇಂಗ್ಲೆಂಡಿನಲ್ಲಿಯಂತೂ ‘ಇಂಗ್ಲಿಷ್ ವೈನ್’ ಎಂದರೆ ಆ ನೆಲದ ದ್ರಾಕ್ಷಿಯಿಂದ ಆದದ್ದು. ‘ಬ್ರಿಟಿಷ್ ವೈನ್’ ಎಂದರೆ ಹೊರದೇಶದಿಂದ ತರಿಸಿದ ಗಟ್ಟಿರಸಕ್ಕೆ ನೀರು ಬೆರೆಸಿ ಅಲ್ಲಿ ಹುದುಗಿಸಿದ್ದು. ನಮ್ಮಂಥವರ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಮಾತುಗಳ ನಡುವೆ ಒಂದು ಸಮುದ್ರವೇ ಇದೆ.

ಹೆಸರಿನ ವಿಷಯದಲ್ಲಿ ಇಷ್ಟು ಸೂಕ್ಷ್ಮವಾದ ಈ ದೇಶಗಳು ನಮ್ಮ ಬೆಂಗಳೂರು ದ್ರಾಕ್ಷಿಯನ್ನು ಹೇಗೆ ಕಂಡವೆಂಬುದನ್ನು ಈಗ ಹೇಳಬೇಕು. ತಳಿಶಾಸ್ತ್ರಜ್ಞರು ನಮ್ಮ ಹಣ್ಣನ್ನು ‘ಇಸಬೆಲ್ಲಾ’ ಎಂಬ ತಳಿಯೊಡನೆ ಗುರುತಿಸುತ್ತಾರೆ. ಅದು ಅಮೆರಿಕದ್ದು, ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಇಸಬೆಲ್ಲಾ ಗಿಬ್ಸ್ ಎಂಬಾಕೆಯ ಹೆಸರು ಹೊತ್ತು ಅಲ್ಲಿಂದ ಲೋಕಕ್ಕೆಲ್ಲ ಹರಡಿತು. ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಅದರಲ್ಲಿರುವುದರಿಂದ ಅದಕ್ಕೊಂದು ವಿಶೇಷ ವಾಸನೆ. ಆಂಗ್ಲರು ಈ ಜಾತಿಯನ್ನು ನರಿದ್ರಾಕ್ಷಿಯೆಂದೂ ವಾಸನೆಯನ್ನು ನರಿವಾಸನೆಯೆಂದೂ ಕರೆದರು. ಕಥೆಯಲ್ಲಿ ನರಿ ದ್ರಾಕ್ಷಿಯನ್ನು ಹುಳಿಯೆಂದು ಜರಿಯಿತು. ಇಲ್ಲಿ ದ್ರಾಕ್ಷಿಯನ್ನೇ ನರಿಯೆಂದು ಜರಿದಂತಾಯಿತು! ಅದು ಗಟ್ಟಿಮುಟ್ಟಾದ ಬಳ್ಳಿಯಾದ್ದರಿಂದ ಯೂರೋಪಿನ ಬಡ ರೈತರು ಅದನ್ನು ಕೈಬಿಡಲಿಲ್ಲ. ಕಡೆಗೆ 1934ರ ಡಿಸೆಂಬರಿನಲ್ಲಿ ಫ್ರಾನ್ಸಿನ ಸರ್ಕಾರ ಅಮೆರಿಕದ ಸಂಬಂಧವುಳ್ಳ ಆರು ತಳಿಗಳನ್ನು ನಿಷೇಧಿಸಿತು. ಇಸಬೆಲ್ಲಾ ಅವುಗಳಲ್ಲಿ ಒಂದು. ರುಚಿ ಕೀಳು, ಆರೋಗ್ಯಕ್ಕೆ ಕೆಡಕು ಎಂಬ ಆಪಾದನೆಗಳನ್ನು ಹೊರಿಸಿದರು; ಮಾರುಕಟ್ಟೆಯಲ್ಲಿ ವೈನು ಮಿತಿಮೀರಿದ್ದುದೂ ಒಂದು ಕಾರಣ. ಹೆಸರಿನ ಗೌರವವನ್ನು ಕಾಯುವ ಕಟ್ಟಳೆ ಹುಟ್ಟಿದ ಕಾಲದಲ್ಲಿಯೇ, ಅದೇ ದೇಶದಲ್ಲಿ, ಈ ಹಣ್ಣಿಗೆ ಗಡೀಪಾರಿನ ಶಿಕ್ಷೆಯಾಯಿತು. ಕೆನಡಾದ ಆಂಟೇರಿಯೊ ಪ್ರಾಂತದವರು 1988ರಲ್ಲಿ ತಮ್ಮ ವೈನಿಗೆ ಗುಣಮುದ್ರೆಯ ಏರ್ಪಾಟು ಮಾಡಿಕೊಂಡಾಗ ಅವರೂ ಈ ಕುಲದ ದ್ರಾಕ್ಷಿಗಳನ್ನು ಪಂಕ್ತಿಯಿಂದ ಏಳಿಸಿಬಿಟ್ಟರು.

ಹೀಗೆ ಎಲ್ಲೆಲ್ಲಿಯೂ ಜಾತಿಭ್ರಷ್ಟವಾದ ಬಳ್ಳಿ ಬೆಂಗಳೂರಿನ ಸುತ್ತ ನೂರು ವರ್ಷಕ್ಕೂ ಮೇಲ್ಪಟ್ಟು ಗೃಹಸ್ಥನಂತೆ ಬಾಳಿದೆ. ಇದಕ್ಕೆ ನಮ್ಮ ನೆಲದ ಎತ್ತರವೇ ಕಾರಣ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಈ ಬಯಲು ಬೇಸಗೆಯಲ್ಲಿ ಬಳ್ಳಿಯನ್ನು ಸುಡುವುದಿಲ್ಲ, ಚಳಿಗಾಲದಲ್ಲಿ ಮಲಗಿಸುವುದೂ ಇಲ್ಲ. ಶೀತದೇಶದ ಬಳ್ಳಿ ಹಿಮಕ್ಕೆ ಎಲೆಯುದುರಿಸಿ ನಿದ್ರಿಸಿ ವರ್ಷಕ್ಕೊಮ್ಮೆ ಹಣ್ಣು ಕೊಡುತ್ತದೆ. ನಮ್ಮಲ್ಲಿ ಆ ಹಿಮದ ಕೆಲಸವನ್ನು ರೈತನ ಕತ್ತರಿ ಮಾಡಬೇಕು. ಅವನು ಬಳ್ಳಿಯನ್ನು ಸವರಿದಾಗ ಅದಕ್ಕೆ ವಸಂತ. ವರ್ಷಕ್ಕೆ ಎರಡು ಸಲ ಸವರಿದರೆ ಈ ತಳಿ ಎರಡು ಬೆಳೆಯನ್ನೂ ಕೊಡುತ್ತದೆ. ಆದಕಾರಣ ಜರ್ಮನಿಯವರ ಚೀಟಿಯಲ್ಲಿನ ವರ್ಷದ ಲೆಕ್ಕ ನಮ್ಮ ಹಣ್ಣಿಗೆ ಹೊಂದುವುದಿಲ್ಲ. ಮಾಗಿದ್ದೆಷ್ಟೆಂದು ಕೇಳುವುದೂ ಅಷ್ಟೇನೂ ಸಾರ್ಥಕವಲ್ಲ. ನಮಗೆ ಬಿಸಿಲಿಗೆ ಬಡತನವಿಲ್ಲ. ನಮ್ಮ ನೆಲಕ್ಕೆ ಸಲ್ಲುವ ಪ್ರಶ್ನೆ ಬೇರೆ. ನೀರು ಎಲ್ಲಿಂದ ಬಂತು ಎಂಬುದು ಆ ಪ್ರಶ್ನೆ. ಅದರ ಮಾತನ್ನು ಮುಂದೆ ಹೇಳುತ್ತೇನೆ.

ನಂದಿಬೆಟ್ಟದ ತಪ್ಪಲಿನಲ್ಲಿ ಈಗ ಇನ್ನೊಂದು ಬಗೆಯ ದ್ರಾಕ್ಷಿಯೂ ಇದೆ. 1980ರ ದಶಕದಲ್ಲಿ ಕನ್ವಲ್ ಗ್ರೋವರ್ ಎಂಬವರು ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಎಂಬ ತಜ್ಞರ ಸಲಹೆಯಿಂದ ದೊಡ್ಡಬಳ್ಳಾಪುರದ ಬಳಿ ಫ್ರಾನ್ಸಿನ ತಳಿಗಳನ್ನು ನೆಟ್ಟು ವೈನಿನ ಉದ್ಯಮವನ್ನು ಆರಂಭಿಸಿದರು. 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆಗೂ ವೈನಿಗೂ ಒಂದು ನೀತಿಯನ್ನು ಪ್ರಕಟಿಸಿತು. ಅಂದಿನಿಂದ ನಂದಿ ಕಣಿವೆ, ಕೃಷ್ಣಾ ಕಣಿವೆ ಎಂಬ ಹೆಸರುಗಳು ಬಳಕೆಗೆ ಬಂದಿವೆ. ಮದ್ಯದ ಗುಣದೋಷಗಳ ವಾದವನ್ನು ನಾನು ಇಲ್ಲಿ ಎತ್ತಿಕೊಂಡಿಲ್ಲ. 2018ರಲ್ಲಿ ಹೊರಟು 2019ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ಆಹಾರ ನಿಯಮಗಳು ಸೀಸೆಯ ಮೇಲೆ ಮದ್ಯಸಾರದ ಪ್ರಮಾಣವನ್ನೂ, ಅದು ಆರೋಗ್ಯಕ್ಕೆ ಹಾನಿಕರವೆಂಬ ಎಚ್ಚರಿಕೆಯನ್ನೂ ಬರೆಯಬೇಕೆಂದು ವಿಧಿಸಿವೆ; ಪುಷ್ಟಿಕರವೆಂದು ಹೊಗಳಿಕೊಳ್ಳಕೂಡದೆಂದೂ ಹೇಳಿವೆ. ಆ ಮಟ್ಟಿಗೆ ಚೀಟಿ ತಾನೇ ಧರ್ಮಬೋಧೆ ಮಾಡುತ್ತಿದೆ. ನನ್ನ ಕುತೂಹಲ ಬೇರೆ. ನಮ್ಮ ಸೀಮೆಯ ಒಳ್ಳೆಯ ಬೆಲೆಯ ಸೀಸೆಗಳ ಮೇಲೆ ದಪ್ಪಕ್ಷರದಲ್ಲಿ ಕಾಣುವುದು ಕ್ಯಾಬರ್ನೆ, ಶಿರಾಜ್ ಮುಂತಾದ ಪರದೇಶದ ತಳಿಗಳ ಹೆಸರು. ಬೆಂಗಳೂರಿನ ಹೆಸರನ್ನೇ ಹೊತ್ತ ಹಣ್ಣಾದರೋ ಹಣ್ಣಿನ ರಸಕ್ಕೂ, ಜ್ಯಾಮಿಗೂ, ಅಗ್ಗದ ಸಿಹಿ ವೈನಿಗೂ ಹೋಗುತ್ತದೆ. ಅಲ್ಲಿ ಬಹುಪಾಲು ಅದರ ಹೆಸರನ್ನು ಯಾರೂ ಬರೆಯುವುದಿಲ್ಲ. ಹೊರಗಿನಿಂದ ಬಂದವರಿಗೆ ಮುಂಬಾಗಿಲಿನಲ್ಲಿ ಬಿರುದು, ಮನೆಯವನಿಗೆ ಅಡಿಗೆಮನೆಯಲ್ಲಿ ಕೆಲಸ ಎಂಬಂತಾಗಿದೆ.

ಕೆಲವು ತಿಂಗಳ ಹಿಂದೆ ದೊಡ್ಡಬಳ್ಳಾಪುರದ ಕಡೆ ಒಂದು ಮದುವೆಗೆ ಹೋಗಿದ್ದವನು, ಬಂಧುಗಳ ಪರಿಚಯದ ಒಬ್ಬ ದ್ರಾಕ್ಷಿ ಬೆಳೆಗಾರರ ತೋಟವನ್ನು ನೋಡಿ ಬಂದೆ. ಕಲ್ಲುಕಂಬಗಳ ಮೇಲೆ ತಂತಿಯ ಚಪ್ಪರ. ಕೆಳಗೆ ಹಸುರು ಬೆಳಕು. ನನ್ನ ಬಾಲ್ಯದ ಹಿತ್ತಿಲನ್ನು ಹತ್ತು ಸಾವಿರ ಪಾಲು ಹಿಗ್ಗಿಸಿದಂತಿತ್ತು. ಯಜಮಾನರು ಗೊಂಚಲೊಂದನ್ನು ಕೊಯ್ದು ಕೈಗಿತ್ತರು. ಈ ಹಣ್ಣಿನ ಹೆಸರು ಚೆನ್ನೈಯ ದಫ್ತರದಲ್ಲಿ ಇರುವುದು ಅವರಿಗೆ ತಿಳಿದಿತ್ತು. ಆದರೆ ಆ ಹೆಸರನ್ನು ಚೀಟಿಯ ಮೇಲೆ ಬಳಸಬೇಕಾದರೆ ಬೆಳೆಗಾರನು ತಾನೂ ಅಧಿಕೃತ ಬಳಕೆದಾರನೆಂದು ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ಅವರು ಅದನ್ನು ಮಾಡಿಕೊಂಡಿರಲಿಲ್ಲ. ಏಕೆಂದು ಕೇಳಿದೆ.

“ಚೀಟಿ ಅಂಟಿಸೋದು ಯಾವುದಕ್ಕೆ ಸ್ವಾಮಿ? ನಮ್ಮ ಹಣ್ಣು ಕ್ರೇಟಿನಲ್ಲಿ ಹೋಗ್ತದೆ, ತೂಕದಲ್ಲಿ ಇಳೀತದೆ. ಮಂಡಿಯಲ್ಲಿ ತೂಕ ಕೇಳ್ತಾರೆಯೇ ಹೊರತು ಊರು ಕೇಳೋರಿಲ್ಲ” ಎಂದರು.

“ಬೆಂಗಳೂರಿನವರಾದರೂ ಕೇಳಬೇಡವೆ? ಹೆಸರು ಅವರ ಊರಿನದಲ್ಲವೆ?” ಎಂದೆ.

ಅವರು ನಕ್ಕರು. “ಬೆಂಗಳೂರಿನವರು ಬರ್ತಾರೆ ಸ್ವಾಮಿ, ವಾರವಾರವೂ ಕಾರಿನಲ್ಲಿ ಬರ್ತಾರೆ. ಹಣ್ಣು ಕೊಳ್ಳೋಕಲ್ಲ, ಮಣ್ಣು ಕೊಳ್ಳೋಕೆ.”

ಇದಕ್ಕೆ ಉತ್ತರ ಹೇಳುವುದು ನನ್ನಿಂದಾಗಲಿಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದಂದಿನಿಂದ ಆ ದಿಕ್ಕಿನ ನೆಲಕ್ಕೆ ಬಂದ ಬೆಲೆಯನ್ನು ಯಾವ ಹಣ್ಣಿನ ಬೆಳೆಯೂ ತಂದುಕೊಡಲಾರದು. ನೀರಿನ ಕಷ್ಟ ಬೇರೆ. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ; ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯೇ ತನ್ನ ತೌರಿನಲ್ಲಿ ಒಣಗಿರುತ್ತದೆ. ಕೆರೆ ಬಾವಿಗಳ ಕಾಲ ಕಳೆದು ಕೊಳವೆಬಾವಿಗಳು ಬಂದವು. ಅವುಗಳ ಆಳ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಹೋಯಿತು. 2018ರಿಂದ ಬೆಂಗಳೂರು ನಗರ ತಾನು ಬಳಸಿದ ನೀರನ್ನು ಶುದ್ಧಿಮಾಡಿ ಕೋಲಾರದ ಕೆರೆಗಳಿಗೆ ಕಳುಹಿಸುತ್ತಿದೆ. ನಗರ ಹಳ್ಳಿಗೆ ತನ್ನ ಹೆಸರನ್ನು ಕೊಟ್ಟಿತು, ಬಳಸಿದ ನೀರನ್ನು ಕೊಟ್ಟಿತು, ಅದರ ನೆಲವನ್ನು ತೆಗೆದುಕೊಳ್ಳುತ್ತಿದೆ. ಈ ವ್ಯಾಪಾರದಲ್ಲಿ ಯಾರಿಗೆ ಲಾಭವೆಂಬುದನ್ನು ಲೆಕ್ಕ ಬಲ್ಲವರು ಹೇಳಬೇಕು.

2014ರ ನವೆಂಬರ್ 1ರಂದು ನಮ್ಮ ನಗರದ ಹೆಸರನ್ನು ಇಂಗ್ಲಿಷಿನಲ್ಲಿಯೂ ‘ಬೆಂಗಳೂರು’ ಎಂದೇ ಬರೆಯುವಂತಾಯಿತು. ನಾವೆಲ್ಲ ಹಿಗ್ಗಿದೆವು, ಹಿಗ್ಗಬೇಕಾದದ್ದೇ. ದ್ರಾಕ್ಷಿ ಮಾತ್ರ ಅದಕ್ಕೆ ಒಂದು ವರ್ಷ ಮೊದಲೇ ದಫ್ತರಕ್ಕೆ ಸೇರಿದ್ದರಿಂದ ಅಲ್ಲಿ ಇಂದಿಗೂ ‘ಬ್ಯಾಂಗಲೋರ್’ ಆಗಿಯೇ ಉಳಿದಿದೆ. ಹೆಸರಿನ ಕಾಗುಣಿತ ಯಾವುದಾದರೇನು, ಅದನ್ನು ಹೊರುವ ಬಳ್ಳಿ ಇರಬೇಕಷ್ಟೆ. ದಫ್ತರದ ಹೆಸರಿಗೆ ಹತ್ತು ವರ್ಷ ಆಯುಸ್ಸು. ಹಣ ಕಟ್ಟಿ ಅರ್ಜಿ ಹಾಕಿದರೆ ಮತ್ತೆ ಹತ್ತು ವರ್ಷ. ತೋಟದ ಆಯುಸ್ಸನ್ನು ಹಾಗೆ ಅರ್ಜಿಯಿಂದ ಮುಂದುವರಿಸಲು ಬರುವುದಿಲ್ಲ.

ಹಾಗಾದರೆ ಕಾಯಿದೆ ವ್ಯರ್ಥವೆ? ಹಾಗೆ ನಾನು ಹೇಳುವುದಿಲ್ಲ. ಕಾಯಿದೆ ಕಳ್ಳನನ್ನು ತಡೆಯುತ್ತದೆ. ಬೇರೆ ಊರಿನವನು ನಮ್ಮ ಹೆಸರನ್ನು ಕದ್ದರೆ ಹಿಡಿದು ನಿಲ್ಲಿಸುತ್ತದೆ. ಆದರೆ ಹೆಸರಿನ ಒಡೆಯರೇ ಮರೆತುಬಿಟ್ಟರೆ ಅದಕ್ಕೆ ಕಾಯಿದೆಯಲ್ಲಿ ಮದ್ದಿಲ್ಲ. ಮೋಸೆಲ್ಲಿನ ಕಡಿದಾದ ಇಳಿಜಾರಿನಲ್ಲಿ ಇಂದಿಗೂ ಒಬ್ಬನು ಕೈಯಿಂದಲೇ ದ್ರಾಕ್ಷಿ ಕೊಯ್ಯುತ್ತಿದ್ದರೆ, ಅವನ ಹಳ್ಳಿಯ ಹೆಸರನ್ನು ಓದಿ ಅದಕ್ಕೆ ತಕ್ಕ ಬೆಲೆ ಕೊಡುವ ಜನ ಇದ್ದಾರೆಂಬುದೇ ಕಾರಣ. ಕಟ್ಟಳೆ ಆ ಓದುಗನ ಹಿಂದೆ ಬಂದದ್ದು. ನಮ್ಮಲ್ಲಿ ಕಟ್ಟಳೆ ಮೊದಲು ಬಂದಿದೆ. ಓದುಗ ಇನ್ನೂ ಬರಬೇಕಾಗಿದೆ. ಗಾಂಧಿ ಬಜಾರಿನಲ್ಲಿಯೋ ಎಂಟನೆಯ ಅಡ್ಡರಸ್ತೆಯಲ್ಲಿಯೋ ದ್ರಾಕ್ಷಿಯ ಬುಟ್ಟಿಯ ಮುಂದೆ ನಿಂತವರು ಸಿಹಿಯೋ ಹುಳಿಯೋ ಎಂದು ಕೇಳುವಂತೆಯೇ “ಯಾವ ಊರಿನದಪ್ಪಾ ಇದು?” ಎಂದೂ ಕೇಳಿದರೆ, ಆ ಪ್ರಶ್ನೆ ಮಾರುವವನ ಬಾಯಿಂದ ಮಂಡಿಗೆ, ಮಂಡಿಯಿಂದ ತೋಟಕ್ಕೆ ಹೋಗಿ ಮುಟ್ಟೀತು. ಆಗ ಚಪ್ಪರದ ಕೆಳಗಿನ ಯಜಮಾನರಿಗೂ ಚೀಟಿಯ ಉಪಯೋಗ ಕಂಡೀತು.

ಬೇಗೂರಿನ ದೇವಾಲಯದಲ್ಲಿ ಕ್ರಿ. ಶ. 890ರ ಸುಮಾರಿನ ಒಂದು ವೀರಗಲ್ಲಿದೆ. ಬೆಂಗಳೂರೆಂಬ ಊರಿನ ಒಂದು ಕಾಳಗದ ಮಾತು ಅದರಲ್ಲಿ ಬರುತ್ತದೆ. ನಮ್ಮ ನಗರದ ಹೆಸರಿಗೆ ಅದೇ ಹಳೆಯ ಆಧಾರವೆಂದು ಮೇಷ್ಟರು ಹೇಳುತ್ತಿರುತ್ತಾರೆ. ಆ ಕಾಳಗ ಏತಕ್ಕಾಯಿತೆಂಬುದು ಇಂದು ಯಾರಿಗೂ ಬೇಕಾಗಿಲ್ಲ. ಅದರಲ್ಲಿ ಮಡಿದವನು ಕಲ್ಲಿನಲ್ಲಿ ಉಳಿದಿದ್ದಾನೆ. ಮನುಷ್ಯನಿಗೆ ಅಷ್ಟು ಸಾಕು. ಹಣ್ಣಿಗೆ ಕಲ್ಲಿನ ಮೇಲಿನ ಹೆಸರಿನಿಂದ ಆಗತಕ್ಕದ್ದೇನೂ ಇಲ್ಲ. ಅದರ ಹೆಸರು ವರ್ಷಕ್ಕೆ ಎರಡು ಸಲ, ಕತ್ತರಿ ಬಿದ್ದ ಗೆಣ್ಣಿನಿಂದ, ಹೊಸದಾಗಿ ಚಿಗುರಬೇಕು.